ವಸ್ತಿ ಬಸ್ಸಿನ ಬುತ್ತಿ: ನಾಲ್ಕು ವರ್ಷ ಕಂಡ ಸೇವೆಯ ಬಗ್ಗೆ

ರಾತ್ರಿ ಎಂಟೂವರೆ ಸುಮಾರಿಗೆ ನಮ್ಮೂರಿಗೆ ಒಂದು ಬಸ್ ಬರುತ್ತದೆ. ಅಗಸಿ, ಅಂದರೆ ಊರಬಾಗಿಲು, ಅದರ ಮುಂದೆ ತಿರುಗಿಸಿಕೊಂಡು ನಿಲ್ಲುತ್ತದೆ. ರಾತ್ರಿ ಅಲ್ಲೇ ವಸ್ತಿ. ಬೆಳಗ್ಗೆ ಆರಕ್ಕೆ ಧಾರವಾಡಕ್ಕೆ ಹೊರಡುತ್ತದೆ. ಅದಕ್ಕೇ ನಮ್ಮ ಕಡೆ ಇದಕ್ಕೆ ವಸ್ತಿ ಬಸ್ ಅನ್ನುತ್ತಾರೆ. ಮೈಸೂರು ಕಡೆಯವರು ಹಾಲ್ಟಿಂಗ್ ಬಸ್ ಅನ್ನುತ್ತಾರೆ.

ನಾನು ಬರೆಯುತ್ತಿರುವುದು ಆ ಬಸ್ಸಿನ ಇಂಜಿನ್ ಮೇಲೆ ಸಾಲಾಗಿ ಕೂತು ಧಾರವಾಡಕ್ಕೆ ಹೋಗುವ ಬುತ್ತಿ ಡಬ್ಬಿಗಳ ಬಗ್ಗೆ. ಬುತ್ತಿ ಅಂದರೆ ಕಟ್ಟಿ ಕಳಿಸುವ ಊಟ. ಹಳ್ಳಿಯಲ್ಲಿ ಅವ್ವಂದಿರು ನಸುಕಿನಲ್ಲಿ ರೊಟ್ಟಿ ಬಡಿದು, ಪಲ್ಯ ಮಾಡಿ, ಡಬ್ಬಿಗೆ ತುಂಬಿ ಬಸ್ಸಿನಲ್ಲಿ ಇಡುತ್ತಾರೆ. ಜೊತೆಗೆ ಯಾರೂ ಹೋಗುವುದಿಲ್ಲ. ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ಓದುವ ಮಕ್ಕಳು ಕಾಯುತ್ತಿರುತ್ತಾರೆ. ತಮ್ಮ ತಮ್ಮ ಡಬ್ಬಿ ತೆಗೆದುಕೊಂಡು ರೂಮಿಗೆ ಹೋಗುತ್ತಾರೆ. ಇಷ್ಟೇ ಸೇವೆ.

ನಾನು ಎರಡು ವರ್ಷ ಆ ಬುತ್ತಿ ಉಂಡಿದ್ದೇನೆ. 2021ರ ಜನವರಿಯಿಂದ 2022ರ ಡಿಸೆಂಬರ್ ತನಕ. ಈಗ ದಾರಿಯ ಮೇಲಿನ ಒಂದು ಊರಿನಲ್ಲಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದೇನೆ. ಶನಿವಾರ ಬೆಳಗಿನ ಶಾಲೆ. ಅವತ್ತು ಇದೇ ಬಸ್ಸಿಗೆ ಹತ್ತುತ್ತೇನೆ. ಹಾಗೆ ಹತ್ತಲು ಶುರು ಮಾಡಿಯೂ ಎರಡು ವರ್ಷ ಆಯಿತು. ಒಟ್ಟು ನಾಲ್ಕು ವರ್ಷ ಎರಡೂ ಕಡೆಯಿಂದ ನೋಡಿದ್ದೇನೆ. ಬರೆಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಊರಿನ ಹೆಸರು, ಬಸ್ಸಿನ ನಂಬರ್ ಬರೆಯುವುದಿಲ್ಲ. ಡ್ರೈವರ್ ಕಾಕಾ ಬೇಡ ಅಂದರು. ಸವದತ್ತಿ ತಾಲ್ಲೂಕಿನ ಎರೆ ಭೂಮಿಯ ಒಂದು ಸಣ್ಣ ಊರು. ಇನಾಮಹೊಂಗಲ, ಹಾರೋಬೆಳವಡಿ, ಅಮ್ಮಿನಭಾವಿ ದಾಟಿ ಧಾರವಾಡ ಸೇರುವ ದಾರಿ. ಇಷ್ಟು ಸಾಕು.

ಮೊದಲು ಧಾರವಾಡದ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಓದು ಅಂದರೆ ಧಾರವಾಡ. ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಆಮೇಲೆ ಯೂನಿವರ್ಸಿಟಿ ಬಂತು, ಕೃಷಿ ವಿಶ್ವವಿದ್ಯಾಲಯ ಬಂತು. ಈಗ ಸಪ್ತಾಪುರದ ಕಡೆ ಹೋದರೆ ಗಲ್ಲಿಗೊಂದು ಕೋಚಿಂಗ್ ಸೆಂಟರ್. ಕೆಎಎಸ್, ಪಿಎಸ್ಐ, ಎಫ್‌ಡಿಎ, ಟಿಇಟಿ, ಹೀಗೆ ಸರ್ಕಾರಿ ನೌಕರಿಯ ಎಲ್ಲ ಪರೀಕ್ಷೆಗೂ ಓದುವವರು ಅಲ್ಲೇ ಸಿಗುತ್ತಾರೆ. ಬೀದರ್‌ನಿಂದ ಬಂದವರೂ ಇದ್ದಾರೆ, ಬಳ್ಳಾರಿಯಿಂದ ಬಂದವರೂ ಇದ್ದಾರೆ. ಹತ್ತಡಿ ರೂಮಿನಲ್ಲಿ ಮೂರು ಜನ ಇರುತ್ತಾರೆ. ಗೋಡೆ ತುಂಬ ನಕಾಶೆ, ಇಸವಿಗಳ ಪಟ್ಟಿ.

ಹೊಟ್ಟೆಯ ಮಾತು ಬಂದಾಗ ಕಷ್ಟ ಗೊತ್ತಾಗುತ್ತದೆ. ನಾನಿದ್ದಾಗ ಮೆಸ್ಸಿಗೆ ತಿಂಗಳಿಗೆ 2,500 ರೂಪಾಯಿ ಕೇಳುತ್ತಿದ್ದರು. ನಮ್ಮದು ನಾಲ್ಕು ಎಕರೆ ಒಣಬೇಸಾಯ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ. ಕೋಚಿಂಗ್ ಫೀ, ರೂಮಿನ ಬಾಡಿಗೆ ಕೊಟ್ಟ ಮೇಲೆ ಮೆಸ್ಸಿಗೆ ಉಳಿಯುತ್ತಿರಲಿಲ್ಲ. ಮನೆಯಲ್ಲಿ ಜೋಳ ಇತ್ತು, ಅವ್ವನ ಕೈ ಇತ್ತು, ಊರಿಗೆ ಬಸ್ ಇತ್ತು.

ಧಾರವಾಡಕ್ಕೆ ಇದು ಹೊಸದೇನಲ್ಲ. ಹಿಂದೆ ಬಡ ಹುಡುಗರು ವಾರಾನ್ನ ಉಂಡು ಓದುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ದೊಡ್ಡವರಾದವರು ಉತ್ತರ ಕರ್ನಾಟಕದ ತುಂಬ ಇದ್ದಾರೆ. ಓದುವ ಮಕ್ಕಳಿಗೆ ಉಣ್ಣಿಸುವುದು ಈ ಊರಿಗೆ ರೂಢಿ. ಬುತ್ತಿ ಬಸ್ಸು ಆ ರೂಢಿಯ ಇನ್ನೊಂದು ರೂಪ ಅಂತ ನನಗೆ ಅನ್ನಿಸುತ್ತದೆ.

ಈಗ ಸೇವೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಬೆಳಗ್ಗೆ ಐದೂಮುಕ್ಕಾಲಿಗೆ ಅಗಸಿ ಹತ್ತಿರ ಡಬ್ಬಿಗಳು ಬರಲು ಶುರುವಾಗುತ್ತವೆ. ಕೆಲವರು ಕೈಚೀಲದಲ್ಲಿ ತರುತ್ತಾರೆ. ಕೆಲವರು ದಸ್ತಿಯಲ್ಲಿ ಕಟ್ಟಿ ತರುತ್ತಾರೆ. ಓದು ಬರೆಹ ಬಲ್ಲವರ ಮನೆಯ ಡಬ್ಬಿಯ ಮುಚ್ಚಳದ ಮೇಲೆ ಹೆಸರು ಇರುತ್ತದೆ. ಒಬ್ಬ ಹುಡುಗಿ ತನ್ನ ಡಬ್ಬಿಯ ಮೇಲೆ ಉಗುರುಬಣ್ಣದಲ್ಲಿ ಹೆಸರು ಬರೆದಿದ್ದಳು. ನಮ್ಮವ್ವನಿಗೆ ಬರೆಯಲು ಬರುವುದಿಲ್ಲ. ತನ್ನ ಹಳೇ ಇಳಕಲ್ ಸೀರೆಯ ಅಂಚು ಹರಿದು ಹಿಡಿಕೆಗೆ ಕಟ್ಟಿದ್ದಳು. ಕೆಂಪು ಅಂಚು. ಎರಡು ವರ್ಷ ನನ್ನ ಹೆಸರು ಅದೇ ಆಗಿತ್ತು. "ಕೆಂಪಂಚಿನ ತಂಗಿ ಬಂದ್ಲೇನು?" ಅಂತ ಕಂಡಕ್ಟರ್ ಅಣ್ಣ ಕೂಗುತ್ತಿದ್ದರು.

ಡಬ್ಬಿಗಳನ್ನು ಇಡುವುದು ಡ್ರೈವರ್ ಎಡಕ್ಕೆ, ಇಂಜಿನ್ ಮೇಲಿನ ಬಾನೆಟ್ಟಿನ ಮೇಲೆ. ಮೇಲೆ ದಪ್ಪ ರೆಗ್ಜಿನ್ ಹೊದಿಕೆ ಇರುತ್ತದೆ. ಇಂಜಿನ್ ಕಾದಂತೆ ಅದೂ ಬೆಚ್ಚಗಾಗುತ್ತದೆ. ಹಾಗಾಗಿ ಏಳೂವರೆಗೆ ಧಾರವಾಡದಲ್ಲಿ ಡಬ್ಬಿ ಕೈಗೆ ಬಂದಾಗ ತಳ ಇನ್ನೂ ಬಿಸಿ ಇರುತ್ತದೆ. ಚಳಿಗಾಲದಲ್ಲಿ ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರೂಮಿನ ತನಕ ನಡೆಯುತ್ತಿದ್ದೆ.

ಆದರೆ ಮೊಸರಿಗೆ ಆ ಬಿಸಿ ಆಗುವುದಿಲ್ಲ ಅಲ್ವಾ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಡ್ರೈವರ್ ಕಾಕಾ ತಾವಾಗಿಯೇ ಕಂಡುಕೊಂಡಿದ್ದರು. ಪ್ರತಿ ಡಬ್ಬಿಯನ್ನೂ ಇಡುವ ಮುಂಚೆ ಒಮ್ಮೆ ಮೆಲ್ಲಗೆ ಅಲ್ಲಾಡಿಸಿ ನೋಡುತ್ತಿದ್ದರು. ಮೊಸರು ಇದೆ ಅನ್ನಿಸಿದರೆ ಅದನ್ನು ಬಾನೆಟ್ಟಿನಿಂದ ತೆಗೆದು ತಮ್ಮ ಬಲಗಡೆ ಕಿಟಕಿ ಹತ್ತಿರ, ಗಾಳಿ ಬರುವಲ್ಲಿ ಇಡುತ್ತಿದ್ದರು. ಒಂದು ದಿನ ನಾನು ಡಬ್ಬಿ ತೆಗೆದುಕೊಳ್ಳಲು ಹೋದಾಗ ಅವರೇ ಹೇಳಿದರು. "ತಂಗಿ, ಮೊಸರಿಂದು ಬ್ಯಾರೆ ಇಟ್ಟೀನಿ ನೋಡವಾ. ಇಂಜಿನ್ ಮ್ಯಾಲ ಇಟ್ರ ಹುಳಿ ಆಕ್ಕೈತಿ."

ಹತ್ತು ಹನ್ನೆರಡು ಡಬ್ಬಿ ಇರುತ್ತವೆ. ಮುಂದೆ ಕೆಟ್ಟ ರಸ್ತೆ, ಕತ್ತಲೆ, ದನ, ಟ್ರ್ಯಾಕ್ಟರು. ಆ ಮನುಷ್ಯ ಐವತ್ತು ಜನರ ಜೀವ ಹೊತ್ತು ಹೋಗಬೇಕು. ಅಂಥವರು ಯಾರದೋ ಮಗಳ ಮೊಸರು ಹುಳಿ ಆಗಬಾರದು ಅಂತ ಡಬ್ಬಿ ಅಲ್ಲಾಡಿಸಿ ನೋಡುತ್ತಾರೆ. ನಾನು ಇದನ್ನು ಮೊದಲ ಸಲ ತಿಳಿದ ದಿನ ರೂಮಿಗೆ ಹೋಗಿ ಸುಮ್ನೆ ಕೂತಿದ್ದೆ. ಓದಲು ಆಗಲಿಲ್ಲ.

ಧಾರವಾಡ ಮುಟ್ಟಿದ ಮೇಲೆ ಕಂಡಕ್ಟರ್ ಅಣ್ಣ ಒಂದೊಂದೇ ಡಬ್ಬಿ ಎತ್ತಿ ಕೊಡುತ್ತಾರೆ. ಬಾರದಿದ್ದವರ ಡಬ್ಬಿಯನ್ನು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇಟ್ಟು ಹೋಗುತ್ತಾರೆ. ಆ ಅಂಗಡಿಯ ಯಜಮಾನರು ಚಹಾದ ಒಲೆಯಿಂದ ದೂರ, ಬಿಸ್ಕತ್ತಿನ ಬರಣಿಗಳ ಪಕ್ಕ ಒಂದು ಹಲಗೆಯನ್ನೇ ಬುತ್ತಿಗೆ ಬಿಟ್ಟಿದ್ದಾರೆ. ಅಲ್ಲಿ ಚಹಾ ಕುಡಿಯದೆ ಡಬ್ಬಿ ಮಾತ್ರ ತೆಗೆದುಕೊಂಡು ಬಂದರೂ ಮುಖ ಸಿಂಡರಿಸುವುದಿಲ್ಲ. ನಾನು ಪರೀಕ್ಷೆ ಇದ್ದ ದಿನ ಮಧ್ಯಾಹ್ನ ಎರಡಕ್ಕೆ ಹೋದದ್ದೂ ಇದೆ. "ಪೇಪರ್ ಹ್ಯಾಂಗಾತ್ವಾ?" ಅಂತ ಕೇಳಿ ಡಬ್ಬಿ ಕೊಟ್ಟಿದ್ದರು.

ಖಾಲಿ ಡಬ್ಬಿ ಸಂಜೆ ಅದೇ ಬಸ್ಸಿನಲ್ಲಿ ವಾಪಸ್. ತೊಳೆದು ಇಡಬೇಕು, ಅಷ್ಟೇ ನಿಯಮ. ಸಂಬಳ ಬರುವ ಅಣ್ಣನೋ ಅಕ್ಕನೋ ಧಾರವಾಡದಲ್ಲಿ ಇದ್ದವರು ಒಮ್ಮೊಮ್ಮೆ ಖಾಲಿ ಡಬ್ಬಿಯಲ್ಲಿ ಫೇಡೆ ಹಾಕಿ ಕಳಿಸುತ್ತಿದ್ದರು. ನನ್ನ ಹತ್ತಿರ ಫೇಡೆಗೆ ದುಡ್ಡು ಇರುತ್ತಿರಲಿಲ್ಲ. ನಾನು ಚೀಟಿ ಬರೆದು ಹಾಕುತ್ತಿದ್ದೆ. ಅವ್ವನಿಗೆ ಓದಲು ಬರದು ಅಂದೆನಲ್ಲ. ಚೀಟಿ ಓದಿ ಹೇಳುತ್ತಿದ್ದವರು ಕಂಡಕ್ಟರ್ ಅಣ್ಣ. ರಾತ್ರಿ ಬಸ್ ನಿಲ್ಲಿಸಿ, ಬಾಗಿಲ ಬಳಿಯ ದೀಪದ ಬೆಳಕಿನಲ್ಲಿ, ಅವ್ವನ ಮುಂದೆ ನಿಂತು ಓದುತ್ತಿದ್ದರಂತೆ. ಪಲ್ಯಕ್ಕೆ ಉಪ್ಪು ಜಾಸ್ತಿ ಆಗಿತ್ತು ಅಂತ ನಾನು ಬರೆದದ್ದನ್ನು ಒಮ್ಮೆಯೂ ಓದಿ ಹೇಳಿಲ್ಲ. ಅದು ನನಗೆ ಗೊತ್ತಾದದ್ದು ನೌಕರಿ ಸಿಕ್ಕ ಮೇಲೆ.

ಡಬ್ಬಿಯ ಜೊತೆ ಸುದ್ದಿಯೂ ಬರುತ್ತಿತ್ತು. ಒಂದು ದಿನ ಕೆಂಪಂಚಿನ ಡಬ್ಬಿ ಇರಲಿಲ್ಲ. ಬೇರೆ ಡಬ್ಬಿ ಇತ್ತು. ನಾನು ಕೇಳುವ ಮೊದಲೇ ಕಂಡಕ್ಟರ್ ಅಣ್ಣ ಕೆಳಗಿಳಿದು ಬಂದರು. "ನಿಮ್ಮವ್ವಗ ಸ್ವಲ್ಪ ಜ್ವರ ಬಂದಾವ. ಗುಳಿಗಿ ತಗೊಂಡಾಳ. ನಾ ಬರೋ ಮುಂದ ಕಟ್ಟಿ ಮ್ಯಾಲ ಎದ್ದು ಕುಂತಿದ್ಲು, ನೋಡೇ ಬಂದೀನಿ. ಗಾಬರಿ ಆಗಬ್ಯಾಡ. ಇದು ನಿಮ್ಮ ಮಗ್ಗಲಮನಿ ಕಾಕು ಕೊಟ್ಟಿದ್ದು." ಅವ್ವನನ್ನು ಕಣ್ಣಾರೆ ನೋಡಲು ಅವರು ಆರು ಗಂಟೆಗೆ ಮುಂಚೆ ನಮ್ಮ ಮನೆತನಕ ನಡೆದು ಹೋಗಿದ್ದರು. ಫೋನ್ ಮಾಡಿ ಕೇಳಿದರೆ ಅವ್ವ ಆರಾಮ ಇದ್ದೇನೆ ಅಂತಲೇ ಹೇಳುತ್ತಾಳೆ. ಅದು ಅವರಿಗೂ ಗೊತ್ತಿತ್ತು. ಮಗ್ಗಲಮನೆ ಕಾಕು ಆಮೇಲೆ ಐದು ದಿನ ನನಗೂ ಸೇರಿಸಿ ರೊಟ್ಟಿ ಬಡಿದರು.

ಕೊರತೆಗಳನ್ನೂ ಹೇಳಬೇಕು. ಬಸ್ಸಿನ ಕಿಟಕಿಗಳು ಸರಿಯಾಗಿ ಮುಚ್ಚುವುದಿಲ್ಲ. ಮಳೆಗಾಲದಲ್ಲಿ ಹಿಂದಿನ ಸೀಟು ತೋಯುತ್ತದೆ. ಹಾರೋಬೆಳವಡಿ ಹತ್ತಿರ ತುಪ್ಪರಿ ಹಳ್ಳ ತುಂಬಿ ಬಂದರೆ ದಾರಿ ಬಂದ್, ಅವತ್ತು ಬುತ್ತಿ ಇಲ್ಲ. ಭರತ ಹುಣ್ಣಿಮೆ, ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಜಾತ್ರೆ. ಆಗ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಡಬ್ಬಿಗಳು ಪ್ರಯಾಣಿಕರ ತೊಡೆಯ ಮೇಲೆ ಕೂತು ಬರುತ್ತವೆ. ಯಾರದು ಅಂತ ಗೊತ್ತಿಲ್ಲದ ಡಬ್ಬಿಯನ್ನು ಒಂದೂವರೆ ಗಂಟೆ ತೊಡೆ ಮೇಲೆ ಇಟ್ಟುಕೊಂಡು ಬಂದ ಜನರನ್ನು ನಾನು ನೋಡಿದ್ದೇನೆ. ಒಬ್ಬ ಹಿರಿಯರು ಇಳಿಯುವಾಗ ಡಬ್ಬಿಯನ್ನು ಪಕ್ಕದವರ ಕೈಗೆ ಕೊಟ್ಟು, "ಅಡ್ಡ ಹಿಡೀಬ್ಯಾಡ್ರಿ, ಒಳಗ ಸಾರು ಐತಿ" ಅಂತ ಹೇಳಿ ಹೋದರು.

ಚೆಲ್ಲಿದ್ದೂ ಇದೆ. ಅಮ್ಮಿನಭಾವಿ ದಾಟಿ ಸ್ವಲ್ಪ ದೂರ ಬಂದಿದ್ದರಂತೆ. ಆಡಿನ ಹಿಂಡು ಅಡ್ಡ ಬಂತು. ಬ್ರೇಕ್ ಹಾಕಿದರು. ನನ್ನ ಡಬ್ಬಿ ಜಾರಿ ಬಿದ್ದು ಮುಚ್ಚಳ ತೆರೆದುಕೊಂಡಿತು. ಎಣ್ಣೆಗಾಯಿ ಎಲ್ಲ ಬಸ್ಸಿನ ನೆಲದ ಮೇಲೆ. ರೊಟ್ಟಿ ಧೂಳಿನಲ್ಲಿ. ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಕಂಡಕ್ಟರ್ ಅಣ್ಣ ಖಾಲಿ ಡಬ್ಬಿ ಹಿಡಿದು ಇಳಿದರು. ಮುಖ ನೋಡಿದರೆ ಏನೋ ಆಗಬಾರದ್ದು ಆಗಿದೆ ಅನ್ನಿಸಿತು. ಅಂಗಿ ಜೇಬಿನಿಂದ 50 ರೂಪಾಯಿ ತೆಗೆದು, "ಇವತ್ತೊಂದಿನ ಹೊರಗ ಉಣ್ಣು ತಂಗಿ" ಅಂದರು. ನಾನು ತೆಗೆದುಕೊಳ್ಳಲಿಲ್ಲ. ಅವರು ಜೇಬಿಗೆ ವಾಪಸ್ ಇಡಲೂ ಇಲ್ಲ. ನೋಟು ಕೈಯಲ್ಲೇ ಇತ್ತು.

ಪಕ್ಕದಲ್ಲಿ ಇನ್ನೊಬ್ಬಳು ಹುಡುಗಿ ಇದ್ದಳು. ಹಾರೋಬೆಳವಡಿ ಕಡೆಯವಳು. ಮುಖ ಪರಿಚಯ ಇತ್ತು, ಹೆಸರು ಗೊತ್ತಿರಲಿಲ್ಲ. ಅವಳು ಮಾತೇ ಆಡಲಿಲ್ಲ. ಕಟ್ಟೆ ಮೇಲೆ ಕೂತು ತನ್ನ ಡಬ್ಬಿ ಬಿಚ್ಚಿದಳು. ನಾಲ್ಕು ರೊಟ್ಟಿ ಇದ್ದವು. ಎರಡು ಎಣಿಸಿ ನನ್ನ ಡಬ್ಬಿಗೆ ಹಾಕಿದಳು. ಹೆಸರುಕಾಳು ಪಲ್ಯ ಅರ್ಧ, ಗುರೆಳ್ಳು ಚಟ್ನಿ ಒಂದು ಚಮಚ. ಆಮೇಲೆ ಇನ್ನೊಂದು ಸಲ ನೋಡಿ ತನ್ನ ಪಾಲಿನಿಂದ ಒಂದು ಹಸಿ ಉಳ್ಳಾಗಡ್ಡಿ ತೆಗೆದು ಇಟ್ಟಳು. ಅವಳೇ ಮುಂದೆ ನನ್ನ ರೂಮ್‌ಮೇಟ್ ಆದಳು. ಈಗ ಬೇರೆ ಜಿಲ್ಲೆಯಲ್ಲಿ ಪೊಲೀಸ್ ನೌಕರಿ ಮಾಡುತ್ತಾಳೆ.

ಅವತ್ತು ರಾತ್ರಿ ಕಂಡಕ್ಟರ್ ಅಣ್ಣ ನಮ್ಮ ಮನೆಗೆ ಹೋಗಿ ಅವ್ವನಿಗೆ ತಾವೇ ಹೇಳಿದರಂತೆ. "ಡಬ್ಬಿ ಚೆಲ್ಲೈತ್ರಿ ಅವ್ವಾರ. ನಾ ಸರಿಯಾಗಿ ಇಡಬೇಕಿತ್ತು." ಅವ್ವ ಅವರಿಗೆ ಚಹಾ ಕೊಟ್ಟು, "ಆಡು ಉಳದಾವಿಲ್ಲೋ ಅದನ್ನ ಹೇಳು" ಅಂದಳಂತೆ.

ಮರುದಿನ ಡಬ್ಬಿಗೆ ಒಂದು ರಬ್ಬರ್ ಪಟ್ಟಿ ಬಂದಿತ್ತು. ಡ್ರೈವರ್ ಕಾಕಾ ಹಳೇ ಟ್ಯೂಬ್ ಕತ್ತರಿಸಿ ಎರಡು ಬೆರಳು ಅಗಲದ ಪಟ್ಟಿ ಮಾಡಿದ್ದರು. ನನ್ನದಕ್ಕೆ ಮಾತ್ರ ಅಲ್ಲ, ಎಲ್ಲ ಡಬ್ಬಿಗಳಿಗೂ. ಹನ್ನೊಂದು ಪಟ್ಟಿ. ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿದ್ದರು, ಬಿಚ್ಚುವಾಗ ಕೈಗೆ ತರಚಬಾರದು ಅಂತ. ಆ ಪಟ್ಟಿ ಹಾಕಿದ ಮೇಲೆ ಒಂದು ಡಬ್ಬಿಯೂ ಚೆಲ್ಲಿಲ್ಲ.

ಎರಡು ವರ್ಷದಲ್ಲಿ ನನಗೆ ಬಂದ ಡಬ್ಬಿ ಅಂದಾಜು ನಾಲ್ಕುನೂರು. ಕಳೆದದ್ದು ಒಂದೂ ಇಲ್ಲ. ಯಾರೋ ತೆಗೆದು ತಿಂದದ್ದು ಒಂದೂ ಇಲ್ಲ. ಒಮ್ಮೆ ಒಬ್ಬ ಹುಡುಗ ತಿಳಿಯದೆ ನನ್ನ ಡಬ್ಬಿ ಒಯ್ದು ಅರ್ಧ ಉಂಡ ಮೇಲೆ ಗೊತ್ತಾಗಿ ಓಡಿ ಬಂದಿದ್ದ. ವಾರದ ಮೇಲೆ ಅವರ ಊರಿನಿಂದ ನನಗೆ ಶೇಂಗಾ ಹೋಳಿಗೆ ಬಂತು.

ಬೀಗ ಇಲ್ಲ, ಕಾಗದ ಇಲ್ಲ, ಕ್ಯಾಮೆರಾ ಇಲ್ಲ. ಹಸಿದವರು ಬಸ್ಸಿನಲ್ಲಿ ಎಷ್ಟೋ ಜನ ಇರುತ್ತಾರೆ. ನಸುಕಿನಲ್ಲಿ ಕೂಲಿಗೆ ಹೋಗುವವರು, ಬರಿ ಚಹಾ ಕುಡಿದು ಬಸ್ ಹತ್ತಿದವರು. ಬಿಸಿ ರೊಟ್ಟಿಯ ವಾಸನೆ ಮೂಗಿಗೆ ಬಡಿಯುತ್ತಿರುತ್ತದೆ. ಆದರೂ ಯಾರ ಕೈಯೂ ಅದರ ಕಡೆ ಹೋಗುವುದಿಲ್ಲ. ಕಾಲ ಕೆಟ್ಟಿದೆ, ಜನ ಕೆಟ್ಟಿದ್ದಾರೆ ಅಂತ ಯಾರಾದರೂ ಅಂದರೆ ನಾನು ಈ ನಾಲ್ಕುನೂರು ಡಬ್ಬಿಯ ಲೆಕ್ಕ ಹೇಳುತ್ತೇನೆ. ನನಗೆ ಗೊತ್ತಿರುವ ಲೆಕ್ಕ ಇದೊಂದೇ. ಆದರೆ ಇದು ಪಕ್ಕಾ ಲೆಕ್ಕ.

ಒಬ್ಬ ಒಳ್ಳೆಯ ಮನುಷ್ಯ ಸಿಕ್ಕಿದ್ದರಿಂದ ಇದು ನಡೆಯಿತು ಅಂತ ನಾನೂ ಮೊದಲು ತಿಳಿದಿದ್ದೆ. ಹಾಗಲ್ಲ ಅಂತ 2022ರಲ್ಲಿ ಗೊತ್ತಾಯಿತು. ಆ ವರ್ಷ ಮಳೆಗಾಲದಲ್ಲಿ ಹಳೇ ಕಂಡಕ್ಟರ್ ಅಣ್ಣನಿಗೆ ಬೇರೆ ಕಡೆ ವರ್ಗ ಆಯಿತು. ಹೊಸಬರು ಬಂದರು. ಚಿಕ್ಕ ವಯಸ್ಸು. ಮೊದಲ ದಿನ ಬೆಳಗ್ಗೆ ಬಾನೆಟ್ ಮೇಲೆ ಸಾಲಾಗಿದ್ದ ಡಬ್ಬಿ ನೋಡಿ ಗಾಬರಿಯಾದರಂತೆ. "ಇವೆಲ್ಲಾ ಯಾರವು? ಏನಾರ ಹೆಚ್ಚು ಕಡಿಮಿ ಆದ್ರ ಜವಾಬ್ದಾರಿ ಯಾರು?" ಅಂತ ಕೇಳಿದರು. ಹೊಸ ನೌಕರಿ. ಅವರ ಭಯ ತಪ್ಪಲ್ಲ.

ಮುಂದಿನ ಸೀಟಿನಲ್ಲಿ ನಮ್ಮೂರಿನ ಒಬ್ಬ ಆಯಿ ಕೂತಿದ್ದಳು. ವಾರಕ್ಕೆ ಮೂರು ದಿನ ಮೆಂತೆ ಪಲ್ಯ, ಹರಿವೆ ಪಲ್ಯ ಬುಟ್ಟಿಯಲ್ಲಿ ಹೊತ್ತು ಧಾರವಾಡದ ಸಂತೆಗೆ ಹೋಗುತ್ತಾಳೆ. ನಮ್ಮ ಕಡೆ ಸೊಪ್ಪಿಗೂ ಪಲ್ಯ ಅಂತಲೇ ಅನ್ನುತ್ತಾರೆ. ಅವಳ ಮಕ್ಕಳು ಮೊಮ್ಮಕ್ಕಳು ಯಾರೂ ಧಾರವಾಡದಲ್ಲಿ ಓದುತ್ತಿಲ್ಲ. ಆ ಡಬ್ಬಿಗಳಲ್ಲಿ ಒಂದೂ ಅವಳದಲ್ಲ. ಅವಳು ಅಂದಳು. "ಜವಾಬ್ದಾರಿ ನಂದು ತಮ್ಮಾ. ನೀ ಟಿಕೇಟ್ ಹರಿ."

ಅವತ್ತು ಬಸ್ ಸ್ಟ್ಯಾಂಡಿನಲ್ಲಿ ನಮಗೆ ಡಬ್ಬಿ ಕೊಟ್ಟವಳು ಅವಳೇ. ಪಲ್ಯದ ಬುಟ್ಟಿ ಕೆಳಗಿಟ್ಟು, ಒಂದೊಂದೇ ಡಬ್ಬಿ ಎತ್ತಿ, "ಇದು ಯಾರದವಾ, ಇದು ಯಾರದಪಾ" ಅಂತ ಕೇಳಿ ಕೇಳಿ ಕೊಟ್ಟಳು. ಸಂತೆಗೆ ಹೊತ್ತಾಗುತ್ತದೆ ಅಂತ ನಾವು ಅಂದರೂ ಕೊನೆಯ ಡಬ್ಬಿ ಹೋಗುವ ತನಕ ನಿಂತಳು. ಕೊನೆಯ ಹುಡುಗ ಬಂದಾಗ ಎಂಟಾಗಿತ್ತು. ಸಂತೆಯಲ್ಲಿ ಒಳ್ಳೆಯ ಜಾಗ ಬೇರೆಯವರ ಪಾಲಾಗಿರುತ್ತದೆ ಅಷ್ಟೊತ್ತಿಗೆ.

ಎರಡನೇ ದಿನವೂ ಅವಳೇ ಕೊಟ್ಟಳು. ಮೂರನೇ ದಿನ ಅವಳು ಬಂದಿರಲಿಲ್ಲ. ಬಸ್ ನಿಂತಿತು. ಹೊಸ ಕಂಡಕ್ಟರ್ ಬಾಗಿಲಲ್ಲಿ ನಿಂತು ಒಂದು ಕ್ಷಣ ನಮ್ಮನ್ನೆಲ್ಲ ನೋಡಿದರು. ಆಮೇಲೆ ಬಗ್ಗಿ ಮೊದಲ ಡಬ್ಬಿ ಎತ್ತಿ ಮುಚ್ಚಳದ ಮೇಲಿನ ಹೆಸರು ಓದಿದರು. ಎರಡನೆಯದು ಓದಿದರು. ಮೂರನೆಯದಕ್ಕೆ ಹೆಸರಿರಲಿಲ್ಲ. ಸೀರೆಯ ಅಂಚು ಹಿಡಿದು ಮೇಲೆತ್ತಿ, "ಈ ಕೆಂಪಂಚಿಂದು?" ಅಂದರು. ನಾನು ಕೈ ಎತ್ತಿದೆ. ಒಂದು ತಿಂಗಳು ಕಳೆಯುವುದರೊಳಗೆ ಅವರೂ ಚೀಟಿ ಓದಿ ಹೇಳಲು ಶುರು ಮಾಡಿದ್ದರು.

ಆಮೇಲೆ ಇನ್ನೂ ಒಬ್ಬರು ಬಂದು ಹೋದರು. ಡಬ್ಬಿ ನಿಂತಿಲ್ಲ.

ದುಡ್ಡು ಎಷ್ಟು ಅಂತ ಕೇಳುವವರಿಗೆ: ಇದಕ್ಕೆ ದುಡ್ಡು ಕೊಡುವ ಪದ್ಧತಿ ಇಲ್ಲ. ಅವ್ವ ಮೊದಲ ವಾರ 20 ರೂಪಾಯಿ ಕೊಡಲು ಹೋಗಿದ್ದಳು. ತೆಗೆದುಕೊಳ್ಳಲಿಲ್ಲ. ಊರಿನವರು ಬೇರೆ ದಾರಿ ಕಂಡುಕೊಂಡಿದ್ದಾರೆ. ವಸ್ತಿ ಬಂದ ಡ್ರೈವರ್ ಕಂಡಕ್ಟರ್‌ಗೆ ರಾತ್ರಿ ಊಟ ಊರಿನದೇ. ದಿನಕ್ಕೊಂದು ಮನೆ. ವಾರಾನ್ನದ ಹಾಗೆಯೇ. ಅವರು ಮಲಗುವುದು ಬಸ್ಸಿನ ಸೀಟಿನ ಮೇಲೆ, ಬೇಸಿಗೆಯಲ್ಲಿ ಹನುಮಪ್ಪನ ಗುಡಿಯ ಕಟ್ಟೆ ಮೇಲೆ. ಬೆಳಗ್ಗೆ ಮುಖ ತೊಳೆಯಲು ಒಂದು ಕೊಡ ನೀರು, ಚಳಿಗಾಲದಲ್ಲಿ ಬಿಸಿನೀರು, ಗುಡಿಯ ಪಕ್ಕದ ಮನೆಯವರು ಇಡುತ್ತಾರೆ. ಪಂಚಮಿಗೆ ಉಂಡಿ, ಸೀಗಿ ಹುಣ್ಣಿಮೆಗೆ ಚರಗದ ಊಟ, ಎಳ್ಳಮಾಸಿಗೆ ಹೋಳಿಗೆ. ಇವೆಲ್ಲ ಕಟ್ಟಿ ಅವರ ಮನೆಗೂ ಕಳಿಸುತ್ತಾರೆ.

2021ರ ಏಪ್ರಿಲ್ 7ರಿಂದ ಸಾರಿಗೆ ನೌಕರರ ಮುಷ್ಕರ ನಡೆಯಿತು. ನಿಮಗೆ ನೆನಪಿರಬಹುದು. ಎರಡು ವಾರ ಬಸ್ ಇಲ್ಲ. ನಾನು ಊರಿಗೆ ಹೋಗಿ ಕೂತೆ. ಯುಗಾದಿ ಅದರ ನಡುವೆಯೇ ಬಂತು. ಮುಷ್ಕರದಲ್ಲಿ ಇರುವವರಿಗೆ ಸಂಬಳ ಇಲ್ಲ ಅಂತ ಊರಲ್ಲಿ ಸುದ್ದಿ ಬಂತು. ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಗುಡಿಯ ಕಟ್ಟೆ ಮೇಲೆ ಒಂದು ಖಾಲಿ ಚೀಲ ಇಟ್ಟರು. ಬಂದವರು ಒಂದು ಸೇರು, ಎರಡು ಸೇರು ಜೋಳ ಸುರಿದು ಹೋದರು. ಸಂಜೆಗೆ ಚೀಲ ತುಂಬಿ ಇನ್ನೊಂದು ಚೀಲ ಇಡಬೇಕಾಯಿತು. ಎರಡನೆಯದರಲ್ಲಿ ಕಡಲೆ, ಹೆಸರು. ಟ್ರ್ಯಾಕ್ಟರ್ ಇದ್ದವರು ಡೀಸೆಲ್ ಖರ್ಚು ತಮ್ಮದೇ ಅಂತ ಹೇಳಿ ಡ್ರೈವರ್, ಕಂಡಕ್ಟರ್ ಇಬ್ಬರ ಮನೆಗೂ ಮುಟ್ಟಿಸಿ ಬಂದರು. ಮಕ್ಕಳು ಓದುತ್ತಿರುವ ಮನೆಯವರಷ್ಟೇ ಕೊಟ್ಟರು ಅಂದುಕೊಳ್ಳಬೇಡಿ. ಯುಗಾದಿ ದಿನ ನಮ್ಮ ಮನೆಯಲ್ಲಿ ಬೇವು ಬೆಲ್ಲ ಹಂಚುವಾಗ ಅಪ್ಪ, "ಡ್ರೈವರ್ ಮನ್ಯಾಗ ಹಬ್ಬ ಆತೋ ಇಲ್ಲೋ" ಅಂದದ್ದು ನನಗೆ ನೆನಪಿದೆ. ಮುಷ್ಕರ ಮುಗಿದು ಬಸ್ ಬಂತು. ವಾರ ಕಳೆಯುವುದರೊಳಗೆ ಲಾಕ್‌ಡೌನ್ ಬಂತು. ಆ ವರ್ಷ ನಮಗೆ ಓದಿದ್ದಕ್ಕಿಂತ ಕಾದದ್ದೇ ಜಾಸ್ತಿ.

ರೇಟಿಂಗ್ ಕೊಡಬೇಕು ಅಂದರೆ, ಬಸ್ಸಿನ ಸೀಟಿಗೆ ಐದಕ್ಕೆ ಎರಡು. ಸಮಯಕ್ಕೆ ನಾಲ್ಕು. ಬುತ್ತಿಗೆ ಐದು. ಆ ಪಲ್ಯದ ಆಯಿಗೆ ಎಷ್ಟು ಕೊಡಬೇಕು ಅಂತ ನನಗೆ ತಿಳಿಯುವುದಿಲ್ಲ.

ಮಕ್ಕಳನ್ನು ಧಾರವಾಡಕ್ಕೆ ಓದಲು ಕಳಿಸುವವರಿಗೆ ಅನುಭವದಿಂದ ಒಂದೆರಡು ಮಾತು. ಪ್ಲಾಸ್ಟಿಕ್ ಡಬ್ಬಿ ಬೇಡ, ಬಾನೆಟ್ಟಿನ ಬಿಸಿಗೆ ವಾಸನೆ ಬರುತ್ತದೆ. ಸ್ಟೀಲಿನದೇ ಕೊಡಿ. ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಇಡಿ, ಇಲ್ಲದಿದ್ದರೆ ಬೆವರಿ ಮೆತ್ತಗಾಗುತ್ತದೆ. ಮೊಸರು ಇದ್ದರೆ ಡ್ರೈವರ್‌ಗೆ ಒಂದು ಮಾತು ಹೇಳಿ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಖಡಕ್ ರೊಟ್ಟಿ ವಾರಕ್ಕೊಮ್ಮೆ ಜಾಸ್ತಿ ಕಳಿಸಿ. ಹಳ್ಳ ಬಂದು ಬಸ್ ನಿಂತ ದಿನ ಅದೇ ಊಟ. ರೂಮಿನಲ್ಲಿ ಊರು ದೂರದ ಮಕ್ಕಳು ಇದ್ದರೆ ಇನ್ನೊಂದು ರೊಟ್ಟಿ ಸೇರಿಸಿ. ಬೀದರ್‌ನಿಂದ ಬುತ್ತಿ ಬರುವುದಿಲ್ಲ.

ನೀವು ಪ್ರಯಾಣಿಕರಾಗಿ ಈ ದಾರಿಯಲ್ಲಿ ಹೋದರೆ ಬಾನೆಟ್ ಮೇಲೆ ಕಾಲು ಚಾಚಬೇಡಿ. ಅಷ್ಟೇ ಕೇಳುತ್ತೇನೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಜನ ಜಾಸ್ತಿ ಆಗಿದ್ದಾರೆ. ಕೆಲವು ಅವ್ವಂದಿರು ಈಗ ತಾವೇ ತಿಂಗಳಿಗೊಮ್ಮೆ ಬುತ್ತಿ ಹಿಡಿದು ಧಾರವಾಡಕ್ಕೆ ಹೋಗಿ ಮಕ್ಕಳ ರೂಮು ನೋಡಿ ಬರುತ್ತಾರೆ. ನಮ್ಮವ್ವ ನಾನು ಓದುವಾಗ ಎರಡು ವರ್ಷದಲ್ಲಿ ಒಂದು ಸಲ ಮಾತ್ರ ಬಂದಿದ್ದಳು. ಹೋಗಿ ಬರುವ ಚಾರ್ಜಿನಲ್ಲಿ ನನ್ನ ನೋಟ್‌ಬುಕ್ ಬರುತ್ತದೆ ಅನ್ನುತ್ತಿದ್ದಳು.

ಹೋದ ಶನಿವಾರ ಬಸ್ ತುಂಬಿತ್ತು. ಬಾನೆಟ್ ಮೇಲೆ ಒಂಬತ್ತು ಡಬ್ಬಿ ಇದ್ದವು. ಹತ್ತನೆಯದಕ್ಕೆ ಜಾಗ ಇರಲಿಲ್ಲ. ಕಂಡಕ್ಟರ್ ನನ್ನ ಕಡೆ ನೋಡಿದರು. ನಾನು ಕೈ ಚಾಚಿದೆ. ಸಣ್ಣ ಸ್ಟೀಲ್ ಡಬ್ಬಿ, ಹೊಸದು. ಈ ವರ್ಷ ಪಿಯುಸಿಗೆ ಸೇರಿದ ನಮ್ಮೂರಿನ ಹುಡುಗನದು. ಅವನ ಅವ್ವ ಅಗಸಿ ಕೆಳಗೆ ನಿಂತು ನಾನು ಹೇಗೆ ಹಿಡಿದಿದ್ದೇನೆ ಅಂತ ನೋಡುತ್ತಿದ್ದಳು. ಡಬ್ಬಿಯ ಸುತ್ತ ರಬ್ಬರ್ ಪಟ್ಟಿ ಇತ್ತು, ಅಂಚು ನುಣುಪಾಗಿತ್ತು. ತಳ ಬೆಚ್ಚಗಿತ್ತು. ಶಾಲೆ ಬಂದಾಗ ಪಕ್ಕದಲ್ಲಿ ಕೂತಿದ್ದ ಹುಡುಗನ ಕೈಗೆ ಕೊಟ್ಟೆ. ಅವನ ಹೆಸರು ನನಗೆ ಗೊತ್ತಿಲ್ಲ, ಯಾವ ಊರಿನವನೋ. ಕಿವಿಯಲ್ಲಿ ಸಿಕ್ಕಿಸಿಕೊಂಡಿದ್ದ ಇಯರ್‌ಫೋನ್ ತೆಗೆದು, ಎರಡೂ ಕೈಯಲ್ಲಿ ತೆಗೆದುಕೊಂಡ.

"ಒಳಗ ಸಾರು ಐತೇನ್ರಿ ಅಕ್ಕಾರ?" ಅಂತ ಕೇಳಿದ.